ಹೆಸರಿನ ಗೇಣಿ: ಹೋಟೆಲ್ ಫ್ರಾಂಚೈಸಿ ಕಂಪನಿಗಳಿಗೆ ದುಡ್ಡು ಬರುವುದು ಎಲ್ಲಿಂದ?

ವಿಜಯವಾಡದ ಬೆಂಜ್ ಸರ್ಕಲ್‌ನಿಂದ ಬಂದರು ರಸ್ತೆ ಹಿಡಿದು ಗವರ್ನರ್‌ಪೇಟೆಯ ಕಡೆಗೆ ಹೋದರೂ, ವಿಶಾಖಪಟ್ಟಣದ ಸಿರಿಪುರಂನಿಂದ ಇಳಿದು ಬೀಚ್ ರಸ್ತೆ ಸೇರಿದರೂ, ಕಣ್ಣಿಗೆ ಬೀಳುವ ತಿಂಡಿ ಊಟದ ಬೋರ್ಡುಗಳು ಹೆಚ್ಚುಕಡಿಮೆ ನಾಲ್ಕು ಬಗೆಯವು. ಡಾಮಿನೋಸ್, ಕೆಎಫ್‌ಸಿ, ಮೆಕ್‌ಡೊನಾಲ್ಡ್ಸ್‌ನಂಥ ವಿದೇಶಿ ಹೆಸರುಗಳು. ಪ್ಯಾರಡೈಸ್‌ನಂಥ ಹೈದರಾಬಾದಿ ಬಿರಿಯಾನಿ ಹೆಸರುಗಳು. ಗೋದಾವರಿ ಸೀಮೆಯಲ್ಲಿ ಹುಟ್ಟಿ ಬೀದಿಬೀದಿಗೆ ಹಬ್ಬಿದ ಚಹಾ ಅಂಗಡಿಗಳು. ಕೊನೆಗೆ ಊರಿನವೇ ಆದ ಹಳೆಯ ಹೋಟೆಲುಗಳು: ವಿಜಯವಾಡದ ಗಾಂಧಿನಗರದಲ್ಲಿ ಬೆಣ್ಣೆ ಇಡ್ಲಿಗೆ ಹೆಸರಾದ ಬಾಬಾಯ್ ಹೋಟೆಲಿನಂಥವು. ಗಿರಾಕಿಗೆ ಇವೆಲ್ಲ ಒಂದೇ, ದುಡ್ಡು ಕೊಟ್ಟು ತಿನ್ನುವ ಜಾಗಗಳು. ಆದರೆ ಗಲ್ಲಾಪೆಟ್ಟಿಗೆಗೆ ಬಿದ್ದ ನೂರು ರೂಪಾಯಿ ಮುಂದೆ ಎಲ್ಲೆಲ್ಲಿಗೆ ಹೋಗುತ್ತದೆ ಎಂದು ಹಿಂಬಾಲಿಸಿದರೆ ನಾಲ್ಕೂ ಬೇರೆ ಬೇರೆ ದಾರಿ ಹಿಡಿಯುತ್ತವೆ. ಕೆಲವದರಲ್ಲಿ ಅಂಗಡಿಯ ಒಡೆಯನೇ ಹೆಸರಿನ ಒಡೆಯ. ಕೆಲವದರಲ್ಲಿ ಹೆಸರು ಒಬ್ಬರದು, ಬಂಡವಾಳ ಇನ್ನೊಬ್ಬರದು, ಕಟ್ಟಡ ಮೂರನೆಯವರದು.

ಹೆಸರನ್ನು ಬಾಡಿಗೆಗೆ ಕೊಟ್ಟು ಬದುಕುವ ಈ ವ್ಯಾಪಾರಕ್ಕೆ ಫ್ರಾಂಚೈಸಿ ಎನ್ನುತ್ತಾರೆ. ಇದರಲ್ಲಿ ಕಂಪನಿ ಹೇಗೆ ಗಳಿಸುತ್ತದೆ, ಹೇಗೆ ಬೆಳೆಯುತ್ತದೆ, ಬೆಳೆಯುವಾಗ ಯಾರ ಹೆಗಲ ಮೇಲೆ ಭಾರ ಬೀಳುತ್ತದೆ ಎಂಬುದನ್ನು ಈ ಎರಡು ಊರುಗಳನ್ನು ಎದುರಿಗಿಟ್ಟುಕೊಂಡು ನೋಡುವುದು ಈ ಲೇಖನದ ಉದ್ದೇಶ.

ಊರು ಏಕೆ ಮುಖ್ಯ

2011ರ ಜನಗಣತಿಯಲ್ಲಿ ವಿಶಾಖಪಟ್ಟಣದ ಜನಸಂಖ್ಯೆ ಸುಮಾರು 17 ಲಕ್ಷ, ವಿಜಯವಾಡದ್ದು ಸುಮಾರು 10 ಲಕ್ಷ. ನಡುವಿನ ದೂರ ಹದಿನಾರನೇ ನಂಬರಿನ ರಾಷ್ಟ್ರೀಯ ಹೆದ್ದಾರಿಯಲ್ಲಿ ಸುಮಾರು 350 ಕಿಲೋಮೀಟರು. 2014ರಲ್ಲಿ ರಾಜ್ಯ ಒಡೆದು ಹೈದರಾಬಾದು ತೆಲಂಗಾಣದ ಪಾಲಾದ ಮೇಲೆ ಆಂಧ್ರದ ಪಾಲಿಗೆ ದೊಡ್ಡ ಪೇಟೆಗಳೆಂದು ಉಳಿದವು ಇವೇ. ವಿಶಾಖಪಟ್ಟಣದಲ್ಲಿ ಉಕ್ಕಿನ ಕಾರ್ಖಾನೆ, ಹಡಗು ಕಟ್ಟೆ, ನೌಕಾಪಡೆಯ ಪೂರ್ವ ಕಮಾಂಡ್ ಇವೆ. ತಿಂಗಳ ಮೊದಲ ವಾರ ತಪ್ಪದೆ ಸಂಬಳ ಬರುವ ಮನೆಗಳು ಹೆಚ್ಚು, ಜೊತೆಗೆ ಸಮುದ್ರ ನೋಡಲು ಬರುವ ಪ್ರವಾಸಿಗರು. ವಿಜಯವಾಡದ್ದು ಬೇರೆ ಹದ. ದೊಡ್ಡ ರೈಲ್ವೆ ಜಂಕ್ಷನ್, ಇಂದ್ರಕೀಲಾದ್ರಿಯ ಕನಕದುರ್ಗೆಯ ಯಾತ್ರಿಕರು, ಇಂಟರ್‌ಮೀಡಿಯೆಟ್ ಕೋಚಿಂಗಿಗೆ ಬಂದು ಹಾಸ್ಟೆಲಿನಲ್ಲಿ ಉಳಿದ ಸಾವಿರಾರು ಹುಡುಗ ಹುಡುಗಿಯರು, ಪಕ್ಕದಲ್ಲಿ ಏಳುತ್ತ ಬೀಳುತ್ತ ಮತ್ತೆ ಏಳುತ್ತಿರುವ ಅಮರಾವತಿ. ಬೆಂಗಳೂರು, ಹೈದರಾಬಾದಿನ ಬಾಡಿಗೆಗೆ ಹೋಲಿಸಿದರೆ ಇಲ್ಲಿ ಕಡಿಮೆ. ಮಹಾನಗರದಲ್ಲಿ ಒಂದೇ ರಸ್ತೆಯಲ್ಲಿ ಎದುರುಬದುರು ಅಂಗಡಿ ಹಾಕಿ ಮುಗಿಸಿದ ಕಂಪನಿಗಳಿಗೆ ಮುಂದಿನ ಹೆಜ್ಜೆ ಇಂಥ ಊರುಗಳೇ.

ಐದು ಬಾಗಿಲುಗಳಿಂದ ಬರುವ ಹಣ

ಫ್ರಾಂಚೈಸಿ ಕಂಪನಿಯ ಆದಾಯಕ್ಕೆ ಐದು ಬಾಗಿಲುಗಳಿವೆ. ಮೊದಲನೆಯದು ಪ್ರವೇಶ ಶುಲ್ಕ, ಹೆಸರು ಹಾಕಿಕೊಳ್ಳಲು ಒಂದೇ ಸಲ ಕೊಡುವ ಹಣ. ಎರಡನೆಯದು ರಾಯಲ್ಟಿ, ಪ್ರತಿ ತಿಂಗಳ ಮಾರಾಟದಲ್ಲಿ ಇಷ್ಟು ಪಾಲು. ಮೂರನೆಯದು ಜಾಹೀರಾತು ನಿಧಿಗೆ ವಂತಿಗೆ. ನಾಲ್ಕನೆಯದು ಸರಬರಾಜು: ಹಿಟ್ಟು, ಮಸಾಲೆ, ಚಹಾಪುಡಿ, ಡಬ್ಬಿ, ಯಂತ್ರ, ಎಲ್ಲವನ್ನೂ ಕಂಪನಿಯಿಂದಲೇ ಅಥವಾ ಕಂಪನಿ ಹೇಳಿದ ಕಡೆಯಿಂದಲೇ ಕೊಳ್ಳಬೇಕು, ಅದರ ಬೆಲೆಯಲ್ಲಿ ಕಂಪನಿಯ ಲಾಭ ಸೇರಿರುತ್ತದೆ. ಐದನೆಯದು ಕಟ್ಟಡದ ಬಾಡಿಗೆ.

ಯಾವ ಕಂಪನಿ ಯಾವ ಬಾಗಿಲನ್ನು ಅಗಲವಾಗಿ ತೆರೆದಿಟ್ಟಿದೆ ಎಂಬುದರಿಂದ ಅದರ ಸ್ವಭಾವ ತಿಳಿಯುತ್ತದೆ. ಮೆಕ್‌ಡೊನಾಲ್ಡ್ಸ್‌ನ ಚರಿತ್ರೆ ಇದಕ್ಕೆ ಒಳ್ಳೆಯ ಪಾಠ. 1955ರಲ್ಲಿ ರೇ ಕ್ರಾಕ್ ಆ ಹೆಸರನ್ನು ಹಂಚಲು ಹೊರಟಾಗ ಅವನಿಗೆ ಸಿಗುತ್ತಿದ್ದುದು ಪ್ರತಿ ಅಂಗಡಿಯಿಂದ 950 ಡಾಲರು, ಆಮೇಲೆ ಮಾರಾಟದ ಶೇ. 1.9. ಅದರಲ್ಲೂ ಶೇ. 0.5 ಮೂಲ ಒಡೆಯರಾದ ಮೆಕ್‌ಡೊನಾಲ್ಡ್ ಸೋದರರಿಗೆ ಹೋಗಬೇಕು. ಅಂಗಡಿಗಳು ಹೆಚ್ಚುತ್ತಿದ್ದವು, ಕ್ರಾಕ್‌ನ ಕೈ ಖಾಲಿಯೇ ಇತ್ತು. ಅವನ ಲೆಕ್ಕಪತ್ರ ನೋಡುತ್ತಿದ್ದ ಹ್ಯಾರಿ ಸೊನ್ನೆಬಾರ್ನ್ ದಾರಿ ಬದಲಿಸಿದ. ಜಾಗವನ್ನು ಕಂಪನಿಯೇ ಹಿಡಿದು ಫ್ರಾಂಚೈಸಿಗೆ ಮರುಬಾಡಿಗೆಗೆ ಕೊಡುವುದು. ಬಾಡಿಗೆಯೂ ಬಂತು, ಮಾತು ಕೇಳದ ಫ್ರಾಂಚೈಸಿಯನ್ನು ಎಬ್ಬಿಸುವ ಹಿಡಿತವೂ ಸಿಕ್ಕಿತು. 1961ರಲ್ಲಿ ಕ್ರಾಕ್ ಸೋದರರಿಗೆ 27 ಲಕ್ಷ ಡಾಲರು ಕೊಟ್ಟು ಹೆಸರನ್ನೇ ಕೊಂಡುಕೊಂಡ. ಆ ದಾರಿ ಇಂದಿಗೂ ನಡೆದಿದೆ. 2023ರಲ್ಲಿ ಕಂಪನಿಗೆ ಫ್ರಾಂಚೈಸಿಗಳಿಂದ ಬಂದ ಸುಮಾರು 1,540 ಕೋಟಿ ಡಾಲರಿನಲ್ಲಿ ಬಾಡಿಗೆಯೇ 980 ಕೋಟಿ, ರಾಯಲ್ಟಿ ಸುಮಾರು 550 ಕೋಟಿ. ಪ್ರವೇಶ ಶುಲ್ಕ ಲೆಕ್ಕಕ್ಕೆ ಸಿಗದಷ್ಟು ಚಿಕ್ಕದು.

ಡಾಮಿನೋಸ್‌ನ ಅಮೆರಿಕನ್ ಕಂಪನಿ ಇನ್ನೊಂದು ಬಾಗಿಲಿನದು. ಅದರ ಆದಾಯದಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಫ್ರಾಂಚೈಸಿ ಅಂಗಡಿಗಳಿಗೆ ಹಿಟ್ಟು, ಚೀಸು ಮುಂತಾದವನ್ನು ಮಾರಿ. ಹೀಗಾಗಿ ಒಂದು ಕಂಪನಿ ಬರ್ಗರಿನ ಹೆಸರಲ್ಲಿ ಜಾಗದ ವ್ಯಾಪಾರ ಮಾಡುತ್ತದೆ, ಇನ್ನೊಂದು ಪಿಜ್ಜಾದ ಹೆಸರಲ್ಲಿ ದಿನಸಿ ವ್ಯಾಪಾರ ಮಾಡುತ್ತದೆ ಎಂದರೆ ತಪ್ಪಿಲ್ಲ.

ನಮ್ಮಲ್ಲಿ ಫ್ರಾಂಚೈಸಿ ಎಂದರೆ ಮತ್ತೊಂದು ಕಂಪನಿ

ಅಮೆರಿಕದಲ್ಲಿ ಫ್ರಾಂಚೈಸಿ ಎಂದರೆ ಸಾಮಾನ್ಯವಾಗಿ ಒಂದೆರಡು ಅಂಗಡಿ ಇಟ್ಟ ಮನೆತನ ಅಥವಾ ಊರಿನ ವ್ಯಾಪಾರಿ. ವಿಶಾಖಪಟ್ಟಣದ ಡಾಮಿನೋಸ್ ಹಾಗಲ್ಲ. ಭಾರತದಲ್ಲಿ ಆ ಹೆಸರಿನ ಹಕ್ಕು ಪೂರಾ ಜುಬಿಲಂಟ್ ಫುಡ್‌ವರ್ಕ್ಸ್ ಎಂಬ ಒಂದೇ ಕಂಪನಿಯ ಕೈಯಲ್ಲಿದೆ. 1996ರಲ್ಲಿ ದೆಹಲಿಯಲ್ಲಿ ಮೊದಲ ಅಂಗಡಿ ತೆರೆದು, 2010ರಲ್ಲಿ ಷೇರುಪೇಟೆಗೆ ಬಂದ ಈ ಕಂಪನಿ ಎರಡು ಸಾವಿರಕ್ಕೂ ಹೆಚ್ಚು ಡಾಮಿನೋಸ್ ಅಂಗಡಿಗಳನ್ನು ತಾನೇ ನಡೆಸುತ್ತದೆ. ಯಾರಿಗೂ ಉಪ ಫ್ರಾಂಚೈಸಿ ಕೊಡುವುದಿಲ್ಲ. ಮಾರಾಟದ ಸುಮಾರು ಶೇ. 3 ಅಮೆರಿಕಕ್ಕೆ ರಾಯಲ್ಟಿ. ದಕ್ಷಿಣ ಮತ್ತು ಪಶ್ಚಿಮ ಭಾರತದ ಮೆಕ್‌ಡೊನಾಲ್ಡ್ಸ್ ವೆಸ್ಟ್‌ಲೈಫ್ ಕಂಪನಿಯದು. ಕೆಎಫ್‌ಸಿ, ಪಿಜ್ಜಾ ಹಟ್ ಹೆಸರುಗಳನ್ನು ದೇವಯಾನಿ ಮತ್ತು ಸಫೈರ್ ಎಂಬ ಎರಡು ಕಂಪನಿಗಳು ನಡೆಸುತ್ತ ಬಂದಿವೆ. ಎರಡೂ 2021ರಲ್ಲಿ ಷೇರುಪೇಟೆಗೆ ಬಂದವು. ಇವು ಅಮೆರಿಕದ ಯಮ್ ಕಂಪನಿಗೆ ಕೊಡುವ ರಾಯಲ್ಟಿ ಮಾರಾಟದ ಸುಮಾರು ಶೇ. 6, ಜಾಹೀರಾತಿನ ವಂತಿಗೆ ಬೇರೆ.

ಬೆಂಜ್ ಸರ್ಕಲ್ಲಿನ ವ್ಯಾಪಾರಿ ನಾಲ್ಕು ಕೋಟಿ ಹಿಡಿದು ನಿಂತರೂ ಅವನಿಗೆ ಡಾಮಿನೋಸ್ ಸಿಗುವುದಿಲ್ಲ. ಅವನು ಆ ಕಂಪನಿಗೆ ಕಟ್ಟಡ ಬಾಡಿಗೆಗೆ ಕೊಡಬಹುದು, ಷೇರು ಕೊಳ್ಳಬಹುದು, ಅಷ್ಟೇ. ಇದಕ್ಕೆ ಕಾರಣವಿದೆ. ಹಿಟ್ಟು ನಾದುವ ಕಮಿಷರಿ, ಶೀತಲ ಲಾರಿ, ತರಬೇತಿ, ಇವೆಲ್ಲ ನೂರಾರು ಅಂಗಡಿಗಳ ಮೇಲೆ ಹಂಚಿದರೆ ಮಾತ್ರ ಗಿಟ್ಟುತ್ತವೆ. ಮೂಲ ಕಂಪನಿಗೂ ಸಾವಿರ ಜನರ ಬದಲು ಒಬ್ಬರ ಹತ್ತಿರ ಲೆಕ್ಕ ಕೇಳುವುದು ಸುಲಭ. ಇಷ್ಟು ಅಂಗಡಿಯನ್ನು ಇಷ್ಟು ವರ್ಷದಲ್ಲಿ ತೆರೆಯಲೇಬೇಕು ಎಂಬ ಕರಾರು ಹಾಕಿದರೆ, ತನ್ನ ಬಂಡವಾಳ ಹೂಡದೆ ಬೆಳವಣಿಗೆ ಖಚಿತವಾಗುತ್ತದೆ. ವಿಶಾಖಪಟ್ಟಣದಂಥ ಊರುಗಳಲ್ಲಿ ಹೊಸ ಬೋರ್ಡುಗಳು ಮೇಲಿಂದ ಮೇಲೆ ಏಳುವುದಕ್ಕೆ ಊರಿನ ಹಸಿವಿನಷ್ಟೇ ಈ ಕರಾರುಗಳೂ ಕಾರಣ.

ಹೆಸರಿಗೆಂದು ಹಣ ಹೊರದೇಶಕ್ಕೆ ಹೋಗುವುದಕ್ಕೆ ಮೊದಲು ಮಿತಿಯಿತ್ತು. ತಂತ್ರಜ್ಞಾನವಿಲ್ಲದೆ ಬರೀ ಬ್ರ್ಯಾಂಡಿನ ಬಳಕೆಗಾದರೆ ದೇಶದೊಳಗಿನ ಮಾರಾಟದ ಶೇ. 1ಕ್ಕಿಂತ ಹೆಚ್ಚು ಕೊಡಲು ಸರ್ಕಾರದ ಒಪ್ಪಿಗೆ ಬೇಕಾಗುತ್ತಿತ್ತು. 2009ರ ಡಿಸೆಂಬರಿನಲ್ಲಿ ಆ ಮಿತಿ ಹೋಯಿತು. ಇವತ್ತಿನ ಒಪ್ಪಂದಗಳಲ್ಲಿ ಕಾಣುವ ದರಗಳು ಆ ಬಾಗಿಲು ತೆರೆದ ಮೇಲಿನವು.

ವಿದೇಶಿ ಹೆಸರುಗಳ ಈ ಕಥೆ ಶುರುವಾದದ್ದು ನಮ್ಮ ಬೆಂಗಳೂರಿನಲ್ಲೇ ಎಂಬುದನ್ನೂ ನೆನೆಯಬೇಕು. 1995ರ ಜೂನಿನಲ್ಲಿ ಬ್ರಿಗೇಡ್ ರಸ್ತೆಯಲ್ಲಿ ದೇಶದ ಮೊದಲ ಕೆಎಫ್‌ಸಿ ತೆರೆಯಿತು. ಪ್ರೊ. ಎಂ. ಡಿ. ನಂಜುಂಡಸ್ವಾಮಿಯವರ ರೈತಸಂಘ ಅದನ್ನು ವಿರೋಧಿಸಿತು, 1996ರ ಜನವರಿ 30ರಂದು ಮಳಿಗೆಗೆ ಕಾರ್ಯಕರ್ತರು ನುಗ್ಗಿದರು. ಅಂದು ರೈತರು ಕೇಳಿದ್ದು ಯಾರ ಆಹಾರ, ಯಾರ ಲಾಭ ಎಂದು. ಮಳಿಗೆಗಳು ಉಳಿದವು. ಎರಡನೆಯ ಪ್ರಶ್ನೆಗೆ ಉತ್ತರ ಹುಡುಕುವುದಾದರೆ ಅಂಗಡಿಯ ಲೆಕ್ಕದ ಪುಸ್ತಕವನ್ನೇ ಬಿಡಿಸಬೇಕು.

ಹತ್ತು ಲಕ್ಷದ ಲೆಕ್ಕ

ಭಾರತದ ಮಧ್ಯಮ ಬ್ರ್ಯಾಂಡುಗಳು, ಅಂದರೆ ಬಿರಿಯಾನಿ, ಬರ್ಗರು, ಐಸ್‌ಕ್ರೀಮು, ಟಿಫಿನ್ ಹೆಸರುಗಳು ಒಬ್ಬೊಬ್ಬ ವ್ಯಾಪಾರಿಗೂ ಫ್ರಾಂಚೈಸಿ ಕೊಡುತ್ತವೆ. ಅಂಥದ್ದೊಂದು ಅಂಗಡಿ ವಿಜಯವಾಡದ ಪಟಮಟದಲ್ಲಿ ಇದೆ ಎಂದು ಲೆಕ್ಕಕ್ಕೆ ಊಹಿಸಿಕೊಳ್ಳೋಣ. ತಿಂಗಳಿಗೆ ತೆರಿಗೆ ಬಿಟ್ಟು 10 ಲಕ್ಷ ಮಾರಾಟ. ದಿನಸಿ, ಮಾಂಸ, ತರಕಾರಿಗೆ 3,50,000. ಬಾಡಿಗೆ, ಅದರ ಮೇಲಿನ ಜಿಎಸ್‌ಟಿ ಸೇರಿ 1,50,000. ಸಂಬಳ 1,80,000. ಕರೆಂಟು, ಗ್ಯಾಸು 70,000. ಮೂರು ಲಕ್ಷದ ಮಾರಾಟ ಸ್ವಿಗ್ಗಿ, ಜೊಮ್ಯಾಟೊ ಮೂಲಕವಾದರೆ ನೂರಕ್ಕೆ 25ರಂತೆ ಕಮಿಷನ್ 75,000. ಪ್ಯಾಕಿಂಗು, ರಿಪೇರಿ, ಹಾಳಾದದ್ದು 40,000. ರಾಯಲ್ಟಿ ಶೇ. 6, ಅಂದರೆ 60,000. ಜಾಹೀರಾತು ನಿಧಿ ಶೇ. 2, ಅಂದರೆ 20,000.

ಇಲ್ಲಿ ಬಹಳ ಜನ ಮರೆಯುವ ಒಂದು ಖರ್ಚು ಬರುತ್ತದೆ. ಹೋಟೆಲು ಗಿರಾಕಿಯಿಂದ ವಸೂಲು ಮಾಡುವ ಜಿಎಸ್‌ಟಿ ಶೇ. 5. 2017ರ ನವೆಂಬರಿನಿಂದ ಆ ದರಕ್ಕೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಇಲ್ಲ. ರಾಯಲ್ಟಿಗೆ, ಫ್ರಾಂಚೈಸಿ ಶುಲ್ಕಕ್ಕೆ ಬೀಳುವ ಜಿಎಸ್‌ಟಿ ಶೇ. 18. ಬೇರೆ ವ್ಯಾಪಾರದಲ್ಲಾದರೆ ಅದನ್ನು ತನ್ನ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ಹೋಟೆಲಿನವನಿಗೆ ಅದು ಪೂರಾ ಖರ್ಚು. ಹಾಗಾಗಿ ಶೇ. 6 ರಾಯಲ್ಟಿ ನಿಜದಲ್ಲಿ ಶೇ. 7ರ ಮೇಲೆ. ಮೇಲಿನ 80,000ಕ್ಕೆ 14,400 ಸೇರುತ್ತದೆ.

ಎಲ್ಲ ಕೂಡಿಸಿದರೆ ಖರ್ಚು 9,59,400. ಉಳಿದದ್ದು 40,600. ನಲವತ್ತು ಲಕ್ಷ ಹೂಡಿದ್ದರೆ ವರ್ಷಕ್ಕೆ ಸುಮಾರು ನೂರಕ್ಕೆ ಹನ್ನೆರಡು, ಅದೂ ಬಡ್ಡಿ ಮತ್ತು ಯಂತ್ರದ ಸವಕಳಿ ಕಳೆಯುವ ಮೊದಲು. ಒಡೆಯ ತಾನೇ ಗಲ್ಲಾದಲ್ಲಿ ಕೂತಿದ್ದರೆ ತನ್ನ ಸಂಬಳವನ್ನೂ ಅದರಲ್ಲೇ ನೋಡಿಕೊಳ್ಳಬೇಕು.

ಈಗ ಮಾರಾಟ ಹತ್ತರಲ್ಲಿ ಒಂದು ಪಾಲು ಇಳಿಯಿತು ಎನ್ನಿ. ಒಂಬತ್ತು ಲಕ್ಷ. ಬಾಡಿಗೆ, ಸಂಬಳ, ಕರೆಂಟು ಇದ್ದಷ್ಟೇ ಇರುತ್ತವೆ. ದಿನಸಿ, ಕಮಿಷನ್, ರಾಯಲ್ಟಿ ಮಾತ್ರ ಇಳಿಯುತ್ತವೆ. ಮತ್ತೆ ಕೂಡಿಸಿದರೆ ಖರ್ಚು 9,07,460. ಅಂಗಡಿಯವನಿಗೆ 40,600 ಲಾಭವಿದ್ದದ್ದು 7,460 ನಷ್ಟವಾಯಿತು. ಕಂಪನಿಯ ರಾಯಲ್ಟಿ 60,000 ಇದ್ದದ್ದು 54,000 ಆಯಿತು.

ಇಡೀ ವ್ಯವಹಾರದ ಗುಟ್ಟು ಈ ಎರಡು ಸಾಲುಗಳಲ್ಲಿದೆ. ಕೃಷ್ಣಾ ಬಯಲಿನ ಗೇಣಿ ಒಕ್ಕಲು ಬಿತ್ತನೆ, ಗೊಬ್ಬರ, ಕೂಲಿ ಎಲ್ಲ ತಾನೇ ಹಾಕಿ, ಬೆಳೆದ ಒಟ್ಟು ಭತ್ತದಲ್ಲಿ ಮೊದಲು ಧಣಿಯ ಪಾಲನ್ನು ಅಳೆದುಕೊಟ್ಟಂತೆ, ಫ್ರಾಂಚೈಸಿಯೂ ಮಾರಾಟದ ಮೇಲೆ ಪಾಲು ಕೊಡುತ್ತಾನೆ. ಲಾಭದ ಮೇಲಲ್ಲ. ರಿಯಾಯಿತಿ ಕೊಟ್ಟು ಮಾರಾಟ ಹೆಚ್ಚಿಸಿದರೆ ಕಂಪನಿಗೆ ಯಾವಾಗಲೂ ಒಳ್ಳೆಯದು, ಅಂಗಡಿಯವನಿಗೆ ಕೆಲವೊಮ್ಮೆ ಮಾತ್ರ. ಒಂದೇ ಬಡಾವಣೆಯಲ್ಲಿ ಎರಡನೆಯ ಅಂಗಡಿ ತೆರೆದು ಮೊದಲನೆಯದರ ಗಿರಾಕಿಗಳು ಹಂಚಿಹೋದರೂ ಒಟ್ಟು ಮಾರಾಟ ಏರಿದರೆ ಕಂಪನಿಗೆ ಲಾಭವೇ. ಇದು ಯಾರೋ ಮಾಡುವ ಮೋಸವಲ್ಲ, ಪಾಲಿನ ಕರಾರಿನಲ್ಲೇ ಇರುವ ಓರೆ. ಫ್ರಾಂಚೈಸಿ ಕಂಪನಿಗಳನ್ನು ಅಳೆಯುವಾಗ ಈ ಓರೆಯನ್ನು ಅವು ಎಷ್ಟು ಸರಿತೂಗಿಸಿಕೊಂಡಿವೆ ಎಂಬುದೇ ಮುಖ್ಯ ಪ್ರಶ್ನೆ.

ಚಹಾಪುಡಿಯ ದಾರಿ, ಸೀತಾಫಲದ ದಾರಿ

ಆಂಧ್ರದ್ದೇ ಆದ ಒಂದು ಉತ್ತರ ಚಹಾ ಅಂಗಡಿಗಳಲ್ಲಿ ಸಿಗುತ್ತದೆ. 2016ರಲ್ಲಿ ರಾಜಮಹೇಂದ್ರವರದಲ್ಲಿ ಶುರುವಾದ ಟೀ ಟೈಮ್ ಕೆಲವೇ ವರ್ಷಗಳಲ್ಲಿ ಎರಡೂ ತೆಲುಗು ರಾಜ್ಯಗಳನ್ನು ದಾಟಿ ಹರಡಿತು. ಮೂರು ಸಾವಿರಕ್ಕೂ ಹೆಚ್ಚು ಅಂಗಡಿಗಳೆಂದು ಕಂಪನಿ ಹೇಳಿಕೊಳ್ಳುತ್ತದೆ. ಇದನ್ನು ಕಟ್ಟಿದ ತಂಗೆಳ್ಳ ಉದಯ ಶ್ರೀನಿವಾಸ್ 2024ರಲ್ಲಿ ಜನಸೇನೆಯಿಂದ ಕಾಕಿನಾಡದ ಸಂಸದರಾದರು. ಬೆಂಗಳೂರಿನಲ್ಲೂ ಕಾಣುವ ಇಂಥ ಚಹಾ ಸರಪಳಿಗಳ ಆಕರ್ಷಣೆ ಅಂಗಡಿಯ ಚಿಕ್ಕತನದಲ್ಲಿದೆ. ಎರಡು ನೂರು ಚದರಡಿ ಜಾಗ ಸಾಕು, ಮೂರ್ನಾಲ್ಕು ಜನ ಸಾಕು, ಹೂಡಿಕೆ ಕೆಲವು ಲಕ್ಷ. ಕೆಲಸ ಬಿಟ್ಟ ಅಥವಾ ಕೆಲಸ ಸಿಗದ ಪದವೀಧರನ ಅಪ್ಪನ ಉಳಿತಾಯಕ್ಕೆ ಎಟಕುವ ಮೊತ್ತ ಅದು.

ದಿನವೂ ನಗದು ಓಡಾಡುವ ಇಷ್ಟು ಸಣ್ಣ ಅಂಗಡಿಗಳಲ್ಲಿ ಮಾರಾಟ ಎಣಿಸಿ ಶೇಕಡಾವಾರು ವಸೂಲು ಮಾಡುವುದು ಕಷ್ಟ. ಎಣಿಸಲು ಇಡುವ ಜನರ ಸಂಬಳವೇ ರಾಯಲ್ಟಿಗಿಂತ ಹೆಚ್ಚಾದೀತು. ಆದ್ದರಿಂದ ಈ ವರ್ಗದ ಕಂಪನಿಗಳಿಗೆ ಸಹಜವಾದ ಗಳಿಕೆ ಎರಡು: ಮೊದಲಿಗೆ ಒಂದು ಶುಲ್ಕ, ಆಮೇಲೆ ಚಹಾಪುಡಿ, ಲೋಟ, ಬಿಸ್ಕತ್ತಿನ ಸರಬರಾಜು. ಪುಡಿ ಎಷ್ಟು ಹೋಯಿತೋ ಅಷ್ಟು ಚಹಾ ಮಾರಿದೆ ಎಂದರ್ಥ, ಬೇರೆ ಲೆಕ್ಕ ಬೇಡ. ಇದರಲ್ಲಿ ಎರಡು ಅಪಾಯಗಳಿವೆ. ಪೇಟೆಯಲ್ಲಿ ಅದೇ ಗುಣದ ಪುಡಿ ಅಗ್ಗವಾಗಿ ಸಿಕ್ಕರೆ ಅಂಗಡಿಯವನು ಅದನ್ನೇ ಕುದಿಸುತ್ತಾನೆ. ಎರಡನೆಯದು ಇನ್ನೂ ದೊಡ್ಡದು. ಮೊದಲ ಶುಲ್ಕವೇ ಮುಖ್ಯ ಆದಾಯವಾದ ಕಂಪನಿಗೆ, ಹಳೆಯ ಅಂಗಡಿ ಮುಚ್ಚಿದರೆ ಹೆಚ್ಚು ನೋವಾಗುವುದಿಲ್ಲ. ಅದೇ ಜಾಗ ಇನ್ನೊಬ್ಬನಿಗೆ ಕೊಡಲು ಖಾಲಿಯಾಯಿತು, ಅಷ್ಟೇ.

ಸರಬರಾಜಿನ ದಾರಿಯನ್ನೇ ಬೇರೆ ಮಟ್ಟಕ್ಕೆ ಒಯ್ದವರು ಮೂಲ್ಕಿ ಕಡೆಯ ರಘುನಂದನ ಕಾಮತ್. ಹಣ್ಣಿನ ವ್ಯಾಪಾರಿಯ ಮಗ, ಮುಂಬಯಿಗೆ ಹೋಗಿ 1984ರಲ್ಲಿ ಜುಹುವಿನಲ್ಲಿ ಪಾವ್‌ಭಾಜಿಯ ಜೊತೆ ಐಸ್‌ಕ್ರೀಮು ಮಾರಲು ಶುರುಮಾಡಿದರು. ಅದು ನ್ಯಾಚುರಲ್ಸ್. 2024ರ ಮೇ ತಿಂಗಳಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ನೂರೈವತ್ತಕ್ಕೂ ಹೆಚ್ಚು ಮಳಿಗೆಗಳಿದ್ದವು, ಬಹುಪಾಲು ಫ್ರಾಂಚೈಸಿಗಳು. ಐಸ್‌ಕ್ರೀಮು ಮಾತ್ರ ಮುಂಬಯಿಯ ಕಾರ್ಖಾನೆಯಲ್ಲೇ ಆಗಬೇಕು. ಸೀತಾಫಲ, ಎಳನೀರು, ಹಲಸು ಬೇರೆಲ್ಲೂ ಅದೇ ರುಚಿಯಲ್ಲಿ ಸಿಗುವುದಿಲ್ಲವಾದ್ದರಿಂದ ಫ್ರಾಂಚೈಸಿಗೆ ಹೊರಗಿನ ಮಾಲು ತರುವ ಯೋಚನೆಯೇ ಬರುವುದಿಲ್ಲ. ಕಂಪನಿಗೆ ದುಡ್ಡು ಬರುವುದು ಮಾಲು ಹೋದಾಗ, ಮಾಲು ಹೋಗುವುದು ಅಂಗಡಿ ನಡೆದಾಗ. ಚಹಾಪುಡಿಗೂ ಸೀತಾಫಲಕ್ಕೂ ಇರುವ ಅಂತರವಿದು: ಎರಡೂ ಸರಬರಾಜೇ, ಆದರೆ ಒಂದನ್ನು ಕಟ್ಟುಪಾಡಿನಿಂದ ಕೊಳ್ಳಿಸಬೇಕು, ಇನ್ನೊಂದನ್ನು ಬೇಡಿ ಕೊಳ್ಳುತ್ತಾರೆ.

ಉಡುಪಿಯವರು ಕೇಳದ ರಾಯಲ್ಟಿ

ಇವೆಲ್ಲದಕ್ಕೂ ಮೊದಲೇ ದಕ್ಷಿಣ ಭಾರತದಲ್ಲಿ ಒಂದು ಹೋಟೆಲ್ ಹೆಸರು ಊರೂರಿಗೆ ಹರಡಿತ್ತು. ಅದು ಉಡುಪಿ. 1953ರ ತನಕ ವಿಶಾಖಪಟ್ಟಣ, ಬೆಜವಾಡ, ಮಂಗಳೂರು ಎಲ್ಲ ಒಂದೇ ಮದ್ರಾಸು ಆಡಳಿತದಲ್ಲಿದ್ದವು. ಕಡಂದಲೆ ಕೃಷ್ಣರಾಯರು ಮದ್ರಾಸಿನಲ್ಲಿ ಪಾತ್ರೆ ತೊಳೆಯುವ ಕೆಲಸದಿಂದ ಮೇಲೆದ್ದು 1938ರಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದರು. 1942ರಲ್ಲಿ ಎ. ರಾಮ ನಾಯಕರು ಮುಂಬಯಿಯ ಮಾಟುಂಗದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದರು. ಇಂಥವರ ಹೋಟೆಲಿನಲ್ಲಿ ಮಾಣಿಯಾಗಿ ಸೇರಿದ ಹುಡುಗ ಅಡುಗೆಮನೆ, ಸಪ್ಲೈ, ಗಲ್ಲಾ ಎಲ್ಲ ದಾಟಿ, ಹತ್ತು ಹದಿನೈದು ವರ್ಷಕ್ಕೆ ಬೇರೆ ಊರಲ್ಲಿ ತನ್ನದೇ ಬೋರ್ಡು ಹಾಕುತ್ತಿದ್ದ. ಮೊದಲ ಬಂಡವಾಳ ಭಾವನದೋ ಮಾವನದೋ, ಕೆಲವೊಮ್ಮೆ ಹಳೆಯ ಧಣಿಯದೇ. ತರಬೇತಿ ಇತ್ತು, ಪಾಕಸೂತ್ರ ಇತ್ತು, ಹೆಸರಿತ್ತು. ರಾಯಲ್ಟಿ ಮಾತ್ರ ಇರಲಿಲ್ಲ.

ಇದರ ಲಾಭ ನಷ್ಟ ಎರಡೂ ಇಂದು ಕಣ್ಣೆದುರಿಗಿವೆ. ಹೊಸಬನ ಮೇಲೆ ಮಾರಾಟದ ಪಾಲಿನ ಭಾರ ಬೀಳಲಿಲ್ಲವಾದ್ದರಿಂದ ಹೋಟೆಲುಗಳು ಕಡಿಮೆ ಲಾಭದಲ್ಲೂ ಬದುಕಿದವು. ಆದರೆ ಉಡುಪಿ ಎಂಬ ಹೆಸರು ಯಾರ ಸೊತ್ತೂ ಆಗಲಿಲ್ಲ. ಯಾರು ಬೇಕಾದರೂ ಬೋರ್ಡು ಬರೆಸಬಹುದು, ಒಳಗೆ ಏನು ಬೇಕಾದರೂ ಬಡಿಸಬಹುದು. ದಾವಣಗೆರೆ ಬೆಣ್ಣೆ ದೋಸೆಯ ಗತಿಯೂ ಹಾಗೆಯೇ ಆಗಿದೆ. ಹೈದರಾಬಾದಿನ ಆರ್‌ಟಿಸಿ ಕ್ರಾಸ್‌ರೋಡ್ಸ್‌ನ ಬಾವರ್ಚಿ ತನಗೆ ಬೇರೆ ಶಾಖೆಗಳಿಲ್ಲ ಎಂದು ಗಿರಾಕಿಗಳಿಗೆ ಹೇಳುತ್ತಲೇ ಇದೆ, ಅದೇ ಹೆಸರಿನ ಬೋರ್ಡುಗಳು ಅಮೆರಿಕದವರೆಗೂ ಹರಡಿವೆ. ಹೆಸರನ್ನು ಕಾಯುವ ಕೆಲಸಕ್ಕೆ ಯಾರಾದರೂ ದುಡ್ಡು ಕೊಡಲೇಬೇಕು. ರಾಯಲ್ಟಿಯ ನ್ಯಾಯವಾದ ಭಾಗ ಅದು: ಗುಣ ಪರೀಕ್ಷೆ, ತರಬೇತಿ, ನಕಲಿಯ ವಿರುದ್ಧ ಮೊಕದ್ದಮೆ. ಅದನ್ನು ಮಾಡದೆ ಪಾಲು ಕೇಳುವ ಕಂಪನಿ ಮತ್ತು ಪಾಲು ಕೇಳದೆ ಹೆಸರು ಬಿಟ್ಟುಕೊಟ್ಟ ಉಡುಪಿ, ಇವೆರಡರ ನಡುವೆ ಎಲ್ಲೋ ಸರಿಯಾದ ದರವಿದೆ.

ಬೆಳೆಯುವುದೆಂದರೆ ಏನು

ಕಂಪನಿ ಬೆಳೆಯಿತು ಎಂದು ಪತ್ರಿಕೆಗಳು ಬರೆಯುವಾಗ ಸಾಮಾನ್ಯವಾಗಿ ಅಂಗಡಿಗಳ ಸಂಖ್ಯೆ ಹೇಳುತ್ತವೆ. ಹೂಡಿಕೆದಾರರು ನೋಡುವ ಇನ್ನೊಂದು ಅಂಕಿಯಿದೆ. ಕಳೆದ ವರ್ಷವೂ ಇದ್ದ ಅಂಗಡಿಗಳಲ್ಲೇ ಈ ವರ್ಷ ಮಾರಾಟ ಎಷ್ಟು ಏರಿತು ಎಂಬುದು. ಮೊದಲನೆಯದು ಏರುತ್ತ ಎರಡನೆಯದು ಇಳಿಯುತ್ತಿದ್ದರೆ, ಹೊಸ ಅಂಗಡಿಗಳು ಹಳೆಯವನ್ನು ತಿನ್ನುತ್ತಿವೆ ಎಂದೇ ಅರ್ಥ.

ಸಬ್‌ವೇ ಇದಕ್ಕೆ ದೊಡ್ಡ ಸಾಕ್ಷಿ. ಅಂಗಡಿ ಹಾಕಲು ಅಗ್ಗ, ಪ್ರವೇಶ ಶುಲ್ಕ ಕಡಿಮೆ, ಆದರೆ ರಾಯಲ್ಟಿ ಶೇ. 8 ಮತ್ತು ಜಾಹೀರಾತಿಗೆ ಶೇ. 4.5. ಅಮೆರಿಕದಲ್ಲಿ 2015ರ ಹೊತ್ತಿಗೆ 27 ಸಾವಿರ ಅಂಗಡಿಗಳಾದವು. ಒಂದರ ಗಿರಾಕಿಯನ್ನು ಇನ್ನೊಂದು ಕಸಿಯಿತು. ಮುಂದಿನ ಒಂಬತ್ತು ವರ್ಷಗಳಲ್ಲಿ ಏಳು ಸಾವಿರಕ್ಕೂ ಹೆಚ್ಚು ಕಡಿಮೆಯಾದವು. ಮುಚ್ಚಿದ ಪ್ರತಿ ಅಂಗಡಿಯ ಹಿಂದೆಯೂ ಕಂಪನಿಯದಲ್ಲದ ಬಂಡವಾಳವಿತ್ತು.

ಹಾಗೆಂದು ಫ್ರಾಂಚೈಸಿ ಕೊಡದೆ ಎಲ್ಲವನ್ನೂ ತಾನೇ ತೆರೆಯುವುದು ಸುರಕ್ಷಿತ ದಾರಿಯೂ ಅಲ್ಲ. ಚಿಕ್ಕಮಗಳೂರಿನ ವಿ. ಜಿ. ಸಿದ್ಧಾರ್ಥ 1996ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಶುರುಮಾಡಿದ ಕೆಫೆ ಕಾಫಿ ಡೇ ಸ್ವಂತ ಮಳಿಗೆಗಳಿಂದಲೇ ಸಾವಿರದ ಏಳುನೂರು ದಾಟಿತು. 2019ರ ಮಾರ್ಚಿನಲ್ಲಿ ಸಮೂಹದ ಸಾಲ ಸುಮಾರು 7,200 ಕೋಟಿ ರೂಪಾಯಿ. ಅದೆಲ್ಲವೂ ಕಾಫಿಯ ಸಾಲವಲ್ಲ, ಬೇರೆ ಉದ್ಯಮಗಳದೂ ಇತ್ತು. ಆ ವರ್ಷ ಸಿದ್ಧಾರ್ಥ ತೀರಿಕೊಂಡ ಮೇಲೆ ಮಳಿಗೆಗಳು ಐನೂರರ ಒಳಗೆ ಬಂದವು. ಸ್ವಂತ ಮಳಿಗೆಯ ದಾರಿಯಲ್ಲಿ ಬಿದ್ದರೆ ಕಂಪನಿ ಬೀಳುತ್ತದೆ. ಫ್ರಾಂಚೈಸಿಯ ದಾರಿಯಲ್ಲಿ ಮೊದಲು ಬೀಳುವವರು ಅಂಗಡಿಯವರು. ಬೆಳವಣಿಗೆಯ ಅಪಾಯ ಕರಗುವುದಿಲ್ಲ, ಕೈ ಬದಲಾಯಿಸುತ್ತದೆ.

ಆಂಧ್ರದ ಎರಡು ಊರುಗಳಿಗೆ ಇದರ ಅರ್ಥ ಸ್ಪಷ್ಟ. ಹೊಸ ಹೆಸರೊಂದು ಬಂದು ಮೊದಲ ಅಂಗಡಿ ಚೆನ್ನಾಗಿ ನಡೆದರೆ ಎರಡನೆಯದು, ಮೂರನೆಯದು ಬೇಗನೆ ಬರುತ್ತವೆ. ವಿಶಾಖಪಟ್ಟಣ ಉದ್ದುದ್ದ ಹರಡಿದ ಊರು. ಗಾಜುವಾಕದ ಗಿರಾಕಿ ಮಧುರವಾಡಕ್ಕೆ ಊಟಕ್ಕೆ ಬರುವುದಿಲ್ಲ, ಆದ್ದರಿಂದ ನಾಲ್ಕಾರು ಅಂಗಡಿಗೆ ಜಾಗವಿದೆ. ವಿಜಯವಾಡ ಒತ್ತೊತ್ತಾಗಿದೆ, ಬಂದರು ರಸ್ತೆಯ ಎರಡು ಅಂಗಡಿಗಳು ಒಂದೇ ಗಿರಾಕಿಗೆ ಕೈಚಾಚುತ್ತವೆ. ಒಪ್ಪಂದದಲ್ಲಿ ನಿಮ್ಮ ಸುತ್ತ ಇಷ್ಟು ಕಿಲೋಮೀಟರಿನೊಳಗೆ ಇನ್ನೊಂದು ಕೊಡುವುದಿಲ್ಲ ಎಂಬ ಸಾಲು ವಿಶಾಖಪಟ್ಟಣಕ್ಕಿಂತ ಇಲ್ಲಿ ಹೆಚ್ಚು ಬೆಲೆಯದು. ಆ ಸಾಲು ಬರೀ ಅಂಗಡಿಗಳ ಬಗ್ಗೆ ಇದ್ದರೂ ಸಾಲದು. ದೂರದ ಕ್ಲೌಡ್ ಕಿಚನ್ನಿನಿಂದ ಅದೇ ಹೆಸರಿನ ಬಿರಿಯಾನಿ ಆ್ಯಪಿನ ಮೂಲಕ ಅದೇ ಬೀದಿಗೆ ಬರಬಹುದು.

ಕಾನೂನು ಎಲ್ಲಿ ನಿಂತಿದೆ

ಭಾರತದಲ್ಲಿ ಫ್ರಾಂಚೈಸಿಗೆಂದೇ ಒಂದು ಕಾಯ್ದೆಯಿಲ್ಲ. 1872ರ ಕರಾರು ಕಾಯ್ದೆ, 1999ರ ಟ್ರೇಡ್‌ಮಾರ್ಕ್ ಕಾಯ್ದೆ, 2002ರ ಸ್ಪರ್ಧಾ ಕಾಯ್ದೆ, ಇವುಗಳ ನಡುವೆ ಕೆಲಸ ನಡೆಯುತ್ತದೆ. 1995ರಲ್ಲಿ ಗುಜರಾತ್ ಬಾಟ್ಲಿಂಗ್ ಮತ್ತು ಕೋಕಾ ಕೋಲಾ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಒಪ್ಪಂದ ಜಾರಿಯಲ್ಲಿರುವಷ್ಟು ಕಾಲ ಪ್ರತಿಸ್ಪರ್ಧಿಯ ಮಾಲು ಮಾಡಬಾರದು ಎಂಬ ಷರತ್ತು ನ್ಯಾಯವೇ ಎಂದಿತು. ಒಪ್ಪಂದ ಮುಗಿದ ಮೇಲೂ ಅದೇ ವ್ಯಾಪಾರ ಮಾಡಬಾರದು ಎಂಬ ಷರತ್ತು ಮಾತ್ರ ಕರಾರು ಕಾಯ್ದೆಯ 27ನೇ ಕಲಮಿನ ಮುಂದೆ ನಿಲ್ಲುವುದು ಕಷ್ಟ. ಆದ್ದರಿಂದ ಬೋರ್ಡು ಇಳಿಸಿದ ಅಂಗಡಿಯವನು ಬೇರೆ ಹೆಸರಲ್ಲಿ ಬಿರಿಯಾನಿ ಮುಂದುವರಿಸಬಹುದು. ಹಳೆಯ ಹೆಸರು, ಬಣ್ಣ, ಗುರುತು ಬಳಸುವಂತಿಲ್ಲ.

ದೊಡ್ಡ ಪಾಲುದಾರನೂ ಈ ವ್ಯವಸ್ಥೆಯಲ್ಲಿ ಭದ್ರನಲ್ಲ. ಉತ್ತರ ಭಾರತದಲ್ಲಿ ಮೆಕ್‌ಡೊನಾಲ್ಡ್ಸ್ ಕಟ್ಟಿದ ವಿಕ್ರಂ ಬಕ್ಷಿಯವರನ್ನು 2013ರಲ್ಲಿ ಆಡಳಿತ ನಿರ್ದೇಶಕ ಸ್ಥಾನದಿಂದ ಇಳಿಸಲಾಯಿತು. 2017ರಲ್ಲಿ ಕಂಪನಿ ಕಾನೂನು ನ್ಯಾಯಮಂಡಳಿ ಅವರನ್ನು ಮತ್ತೆ ಕೂರಿಸಿತು. ಅದರ ಬೆನ್ನಿಗೇ ಮೆಕ್‌ಡೊನಾಲ್ಡ್ಸ್ 169 ಮಳಿಗೆಗಳ ಫ್ರಾಂಚೈಸಿ ಒಪ್ಪಂದವನ್ನೇ ರದ್ದು ಮಾಡಿತು. ರಾಜಿಯಾದದ್ದು 2019ರಲ್ಲಿ. ವಕೀಲರಿಗೆ ಕೊಡಲು ಹಣವಿದ್ದವರಿಗೇ ಆರು ವರ್ಷ ಹಿಡಿಯಿತು. ಪಟಮಟದ ಅಂಗಡಿಯವನಿಗೆ ಅಷ್ಟು ತಾಳುವ ಶಕ್ತಿ ಎಲ್ಲಿಂದ?

ಅಮೆರಿಕದ ವ್ಯಾಪಾರ ಆಯೋಗ 1979ರಿಂದ ಒಂದು ನಿಯಮ ಜಾರಿಯಲ್ಲಿಟ್ಟಿದೆ. ಫ್ರಾಂಚೈಸಿ ಮಾರುವ ಕಂಪನಿ ಸಹಿಗೆ ಕನಿಷ್ಠ 14 ದಿನ ಮೊದಲು ಒಂದು ವಿವರಪತ್ರ ಕೊಡಬೇಕು. ಎಲ್ಲ ಶುಲ್ಕಗಳು, ಕಂಪನಿಯ ಮೇಲಿರುವ ಮೊಕದ್ದಮೆಗಳು, ಕಳೆದ ಮೂರು ವರ್ಷದಲ್ಲಿ ತೆರೆದ, ಮುಚ್ಚಿದ, ಕೈ ಬದಲಾದ ಅಂಗಡಿಗಳ ಲೆಕ್ಕ ಅದರಲ್ಲಿರಬೇಕು. ನಮ್ಮಲ್ಲಿ ಷೇರುಪೇಟೆಗೆ ಬಂದ ಕಂಪನಿಗಳು ಇಂಥ ಅಂಕಿಗಳನ್ನು ಹೂಡಿಕೆದಾರನಿಗೆ ಮೂರು ತಿಂಗಳಿಗೊಮ್ಮೆ ಹೇಳುತ್ತವೆ. ಐದು ಲಕ್ಷ ಶುಲ್ಕ, ಅದರ ಮೇಲೆ 90,000 ಜಿಎಸ್‌ಟಿ ಕೊಟ್ಟು ಚಹಾ ಅಂಗಡಿ ಹಿಡಿಯುವವನಿಗೆ ಹೇಳಬೇಕೆಂಬ ಕಟ್ಟಳೆಯಿಲ್ಲ. ಸಾವಿರ ರೂಪಾಯಿಯ ಷೇರು ಕೊಂಡವನಿಗೆ ಸಿಗುವ ಮಾಹಿತಿ ಮನೆಯ ಉಳಿತಾಯ ಪೂರಾ ಹಾಕಿದವನಿಗೆ ಸಿಗದಿರುವುದು ಈ ಉದ್ಯಮದ ನಿಜವಾದ ಕೊರತೆ. ಇದನ್ನು ಸರಿಪಡಿಸಲು ರಾಯಲ್ಟಿಗೆ ಮಿತಿ ಹಾಕಬೇಕಾಗಿಲ್ಲ, ಒಪ್ಪಂದಗಳಲ್ಲಿ ಸರ್ಕಾರ ಕೈಹಾಕಬೇಕಾಗಿಲ್ಲ. ಒಂದು ವಿವರಪತ್ರವನ್ನು ಕಡ್ಡಾಯ ಮಾಡಿದರೆ ಸಾಕು.

ಅದು ಬರುವವರೆಗೆ ಸಹಿ ಹಾಕಲು ಹೊರಟವರು ತಾವೇ ಕೇಳಿಕೊಳ್ಳಬೇಕು. ನಿಮ್ಮ ಆದಾಯದಲ್ಲಿ ಪ್ರವೇಶ ಶುಲ್ಕದ ಪಾಲೆಷ್ಟು? ನೀವು ಮಾರುವ ಮಾಲು ಪೇಟೆಯಲ್ಲಿ ಎಷ್ಟಕ್ಕೆ ಸಿಗುತ್ತದೆ? ನನ್ನ ಬೀದಿಗೆ ಆ್ಯಪಿನಲ್ಲಿ ಊಟ ಕಳಿಸುವ ಹಕ್ಕು ಯಾರದು? ಮೂರು ವರ್ಷದ ಹಿಂದೆ ನಿಮ್ಮಿಂದ ಅಂಗಡಿ ಹಿಡಿದವರ ಪಟ್ಟಿ ಕೊಡಿ, ಅವರಲ್ಲಿ ಎಷ್ಟು ಜನ ಈಗಲೂ ನಡೆಸುತ್ತಿದ್ದಾರೆ, ಎಷ್ಟು ಜನ ಎರಡನೆಯದನ್ನು ಹಿಡಿದಿದ್ದಾರೆ? ಕೊನೆಯ ಪ್ರಶ್ನೆಯ ಉತ್ತರವೇ ಹೆಚ್ಚು ನಂಬತಕ್ಕದ್ದು. ಒಮ್ಮೆ ಲೆಕ್ಕ ನೋಡಿದ ವ್ಯಾಪಾರಿ ಅದೇ ಕಂಪನಿಯಿಂದ ಇನ್ನೊಂದು ಅಂಗಡಿ ಕೇಳುತ್ತಿದ್ದರೆ ಆ ಕಂಪನಿ ಬೆಳೆಯುತ್ತಿದೆ. ಹೊಸಬರು ಮಾತ್ರ ಬರುತ್ತಿದ್ದರೆ, ಬೋರ್ಡುಗಳು ಎಷ್ಟೇ ಹೆಚ್ಚಲಿ, ಅದು ಶುಲ್ಕ ವಸೂಲಿಯಷ್ಟೆ.